ಬಾಗಿದ ಚಾವಣಿ ಮತ್ತು ಗಣಕದ ರೇಖೆ: ಹಾಸನ ಸೀಮೆಯ ದೇವಾಲಯಗಳನ್ನು ಕುರಿತು ಒಂದು ವಿಮರ್ಶೆ

ಪ್ರಾಚೀನ ವಾಸ್ತುವಿನ ಅಧ್ಯಯನಕ್ಕೆ ಗಣಕಯಂತ್ರವು ಒದಗಿಸಿರುವ ನೆರವು ಅಲ್ಪವಾದುದಲ್ಲ. ಅಳತೆಪಟ್ಟಿ, ತೂಗುಗುಂಡು, ಕಾಗದಗಳನ್ನು ಹಿಡಿದು ತಿಂಗಳುಗಟ್ಟಲೆ ನಡೆಸಬೇಕಾಗಿದ್ದ ಅಳತೆಯ ಕಾರ್ಯವನ್ನು ಲೇಸರ್ ಯಂತ್ರವೂ ಛಾಯಾಚಿತ್ರಗಳ ಜೋಡಣೆಯೂ ಇಂದು ಕೆಲವೇ ದಿನಗಳಲ್ಲಿ ಮುಗಿಸಿಕೊಡುತ್ತವೆ. ವಾಸ್ತುಶಿಲ್ಪವನ್ನೂ ಸ್ಥಾಪತ್ಯ ಯಂತ್ರವಿದ್ಯೆಯನ್ನೂ ಕಲಿಯುವ ವಿದ್ಯಾರ್ಥಿಗಳು ಹೊಯ್ಸಳ ದೇವಾಲಯವೊಂದನ್ನು ತಂತ್ರಾಂಶದಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿ ತೋರಿಸುವುದು ಈಗ ಸಾಮಾನ್ಯ ಅಭ್ಯಾಸವಾಗಿದೆ. ಇಂತಹ ಮಾದರಿಗಳಲ್ಲಿ ಜಗತಿ, ಗೋಡೆ, ಕಂಬಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ. ಚಾವಣಿಗೆ ಬಂದಾಗ ಮಾತ್ರ ಮಾದರಿಯು ಮೂಲದಿಂದ ದೂರ ಸರಿಯುತ್ತದೆ. ಈ ದೋಷವು ವಿದ್ಯಾರ್ಥಿಯ ಕೈಚಳಕದ ಕೊರತೆಯಿಂದ ಬಂದುದಲ್ಲವೆಂದೂ, ವಕ್ರರೇಖೆಯನ್ನು ಕುರಿತು ತಂತ್ರಾಂಶವು ಇಟ್ಟುಕೊಂಡಿರುವ ಕಲ್ಪನೆಯಿಂದಲೇ ಹುಟ್ಟಿದುದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಹಾಸನ ಸೀಮೆಗಿಂತ ಉತ್ತಮವಾದ ಕ್ಷೇತ್ರ ದೊರೆಯಲಾರದು. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಶ್ರವಣಬೆಳಗೊಳ. ಹೊಳೆನರಸೀಪುರ, ಅರಕಲಗೂಡುಗಳ ಹೆಂಚಿನ ಮನೆಗಳು—ಇವುಗಳಲ್ಲಿ ಬಾಗಿದ ಚಾವಣಿಯ ಬೇರೆ ಬೇರೆ ಬಗೆಗಳನ್ನು ಸ್ವಲ್ಪ ದೂರದ ಸುತ್ತಾಟದಲ್ಲಿಯೇ ಕಾಣಬಹುದು. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ೧೯೦೨ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಬೇಲೂರು, ದೊಡ್ಡಗದ್ದವಳ್ಳಿಗಳ ದೇವಾಲಯಗಳನ್ನು ಕುರಿತು ೧೯೧೯ರಲ್ಲಿ ಪ್ರತ್ಯೇಕ ಗ್ರಂಥಗಳನ್ನು ಹೊರತಂದರು. ಆದುದರಿಂದ ಕಾಲ, ಕರ್ತೃಗಳನ್ನು ಕುರಿತ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತಿಕೊಳ್ಳಬೇಕಾಗಿಲ್ಲ. ಕಟ್ಟಡದ ರಚನೆಯ ಮೇಲೆಯೇ ದೃಷ್ಟಿಯಿಡಬಹುದು.

ಮೊದಲು ತಂತ್ರಾಂಶದ ಮಾತನ್ನು ನೋಡೋಣ. ಇಂದು ಬಳಕೆಯಲ್ಲಿರುವ ಆರ್ಕಿಕ್ಯಾಡ್, ರೆವಿಟ್, ಸ್ಕೆಚ್‌ಅಪ್, ರೈನೋ ಮೊದಲಾದವುಗಳಲ್ಲಿ ಬಾಗಿದ ಚಾವಣಿಯನ್ನು ರಚಿಸುವ ಮಾರ್ಗಗಳು ಮುಖ್ಯವಾಗಿ ನಾಲ್ಕು. ಒಂದು ಪಾರ್ಶ್ವರೇಖೆಯನ್ನು ಬರೆದು ಅದನ್ನು ನೇರವಾಗಿ ಎಳೆದು ಚಾಚುವುದು ಎಕ್ಸ್‌ಟ್ರೂಡ್. ಅದೇ ರೇಖೆಯನ್ನು ಒಂದು ಅಕ್ಷದ ಸುತ್ತ ತಿರುಗಿಸುವುದು ರಿವಾಲ್ವ್. ಒಂದು ದಾರಿಗುಂಟ ಸಾಗಿಸುವುದು ಸ್ವೀಪ್. ಬೇರೆ ಬೇರೆ ಎತ್ತರದ ಎರಡು ಮೂರು ಆಕಾರಗಳ ನಡುವೆ ಹೊದಿಕೆಯನ್ನು ಬಿಗಿಯುವುದು ಲಾಫ್ಟ್. ಆರ್ಕಿಕ್ಯಾಡ್‌ನಲ್ಲಿ ಬಾಗಿದ ಚಾವಣಿಗೆಂದೇ 'ಶೆಲ್' ಎಂಬ ಸಾಧನವು ಸೇರಿದುದು ೨೦೧೧ರ ಹದಿನೈದನೆಯ ಆವೃತ್ತಿಯಲ್ಲಿ. ಈ ನಾಲ್ಕು ಮಾರ್ಗಗಳಿಗೂ ಸಮಾನವಾದ ಒಂದು ಗ್ರಹಿಕೆಯುಂಟು: ಚಾವಣಿಯೆಂಬುದು ಒಂದು ನುಣುಪಾದ ಮೇಲ್ಮೈ, ರೇಖೆಯೇ ಮೊದಲು, ದ್ರವ್ಯವು ಆಮೇಲೆ.

ಈ ಗ್ರಹಿಕೆಯ ಮೂಲವನ್ನು ಅರಿತರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ತಂತ್ರಾಂಶಗಳು ಬಳಸುವ ವಕ್ರರೇಖೆಗಳ ಗಣಿತವು ಬೆಳೆದುದು ದೇವಾಲಯದ ಅಂಗಳದಲ್ಲಿಯೂ ಅಲ್ಲ, ಮನೆ ಕಟ್ಟುವ ಕಡೆಯಲ್ಲಿಯೂ ಅಲ್ಲ. ೧೯೫೦ರ ದಶಕದ ಕೊನೆಯಲ್ಲಿಯೂ ೧೯೬೦ರ ದಶಕದಲ್ಲಿಯೂ ಫ್ರಾನ್ಸಿನ ಸಿತ್ರೊಯೆನ್ ಕಾರ್ಖಾನೆಯಲ್ಲಿದ್ದ ಪಾಲ್ ದ ಕಾಸ್ತೆಲ್ಜೋ, ರೆನೋ ಕಾರ್ಖಾನೆಯಲ್ಲಿದ್ದ ಪಿಯೆರ್ ಬೆಜಿಯೆ ಎಂಬ ಇಬ್ಬರು ಮೋಟಾರು ಗಾಡಿಯ ಮೈಯನ್ನು ನಿಷ್ಕೃಷ್ಟವಾಗಿ ವರ್ಣಿಸುವ ಸಲುವಾಗಿ ಈ ಕ್ರಮವನ್ನು ಕಂಡುಕೊಂಡರು. ಲೋಹದ ತಗಡನ್ನು ಅಚ್ಚಿನಲ್ಲಿ ಒತ್ತಿದಾಗ ಉಂಟಾಗುವ ಮೇಲ್ಮೈ ನಿಜವಾಗಿಯೂ ನುಣುಪಾದುದು, ಅಖಂಡವಾದುದು. ಅದಕ್ಕೆ ಈ ಗಣಿತವು ಪೂರ್ಣವಾಗಿ ಒಪ್ಪುತ್ತದೆ. ಬಳಪದ ಕಲ್ಲನ್ನು ವರಸೆ ವರಸೆಯಾಗಿ ಪೇರಿಸಿ ಕಟ್ಟಿದ ಶಿಖರಕ್ಕೂ ಅದು ಹಾಗೆಯೇ ಒಪ್ಪುವುದೆಂದು ಭಾವಿಸುವುದಕ್ಕೆ ಆಧಾರವಿಲ್ಲ.

ಇಲ್ಲಿ ಒಂದು ಸಾಮಾನ್ಯವಾದ ಆಕ್ಷೇಪವನ್ನು ಬೇರ್ಪಡಿಸಿಡಬೇಕು. ಗಣಕದಲ್ಲಿ ವೃತ್ತವೆಂಬುದೇ ಇಲ್ಲ, ಅದು ಸಣ್ಣ ಸಣ್ಣ ಸರಳರೇಖೆಗಳ ಬಹುಭುಜ. ಆದಕಾರಣ ಮಾದರಿಯು ತಪ್ಪು ಎಂದು ಕೆಲವರು ಹೇಳುವುದುಂಟು. ಸ್ಕೆಚ್‌ಅಪ್‌ನಂತಹ ತಂತ್ರಾಂಶಗಳ ಮಟ್ಟಿಗೆ ಇದು ನಿಜ. ಅದರಲ್ಲಿ ವೃತ್ತವನ್ನು ಬರೆದರೆ ಬದಲಾಯಿಸದ ಹೊರತು ೨೪ ಭುಜಗಳ ಆಕೃತಿ ದೊರೆಯುತ್ತದೆ. ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ೧೨ ಭುಜಗಳಿದ್ದರೆ ಭುಜದ ನಡುವಿಗೂ ನಿಜವಾದ ವೃತ್ತಕ್ಕೂ ೩೪ ಮಿಲಿಮೀಟರ್ ಅಂತರವಿರುತ್ತದೆ. ೨೪ ಇದ್ದರೆ ಸುಮಾರು ೮.೬, ೪೮ ಇದ್ದರೆ ಸುಮಾರು ೨.೧. ಭುಜಗಳನ್ನು ಇಮ್ಮಡಿಸಿದಾಗಲೆಲ್ಲ ತಪ್ಪು ಹೆಚ್ಚುಕಡಮೆ ಕಾಲು ಭಾಗಕ್ಕಿಳಿಯುತ್ತದೆ. ಬೇಕಾದಷ್ಟು ಕಡಮೆ ಮಾಡಬಹುದಾದ ಈ ತಪ್ಪು ನಮ್ಮ ಟೀಕೆಗೆ ವಿಷಯವಲ್ಲ. ನಮ್ಮ ಆಕ್ಷೇಪವು ಇದಕ್ಕೆ ವಿರುದ್ಧವಾದುದು: ಮಾದರಿಯು ಎಷ್ಟು ನುಣುಪಾದರೆ ಅದು ಕಟ್ಟಡದ ಸತ್ಯದಿಂದ ಅಷ್ಟು ದೂರ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವು ಸುಮಾರು ೧೧೧೪ರಲ್ಲಿ ಕಲ್ಹಣ ರಾಹುತನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದುದು. ನಾಲ್ಕು ಗರ್ಭಗೃಹಗಳುಳ್ಳ ಈ ಚತುಷ್ಕೂಟದಲ್ಲಿ ಮೂರರ ಮೇಲೆ ಅಲಂಕಾರವಿಲ್ಲದ ಮೆಟ್ಟಿಲು ಮೆಟ್ಟಿಲಾದ ಶಿಖರಗಳೂ, ಮುಖ್ಯವಾದ ಒಂದರ ಮೇಲೆ ಮಾತ್ರ ಕೆತ್ತನೆಯಿಂದ ತುಂಬಿದ ಶಿಖರವೂ ಇವೆ. ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಅಲಂಕಾರವಿಲ್ಲದ ಆ ಮೂರನ್ನು. ಅಲ್ಲಿ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ಒಳಸರಿದು ಕುಳಿತಿರುವುದು ಬರಿಗಣ್ಣಿಗೆ ಕಾಣುತ್ತದೆ. ನಾಲ್ಕನೆಯದರಲ್ಲಿಯೂ ನಡೆದಿರುವುದು ಇದೇ ಕ್ರಿಯೆ; ಆದರೆ ಸಣ್ಣ ಗೋಪುರಾಕೃತಿಗಳ ಸಾಲುಗಳು ಮೆಟ್ಟಿಲುಗಳನ್ನು ಮರೆಸಿ, ದೂರದಿಂದ ನೋಡಿದವನಿಗೆ ಒಂದು ಹೊರರೇಖೆಯ ಅನುಭವವನ್ನು ಕೊಡುತ್ತವೆ. ಈ ಹೊರರೇಖೆಯನ್ನು ಯಾರೂ ಮೊದಲಿಗೆ ಬರೆದು ಅದರೊಳಗೆ ಕಲ್ಲನ್ನು ತುಂಬಿದುದಲ್ಲ. ಪ್ರತಿಯೊಂದು ತಲದ ಅಗಲವೆಷ್ಟು, ಎತ್ತರವೆಷ್ಟು ಎಂಬ ನಿರ್ಣಯಗಳ ಮೊತ್ತವೇ ಅದು.

ಈ ಮಾತನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಶಿಖರದ ಒಂದು ತಲವನ್ನು ರಚಿಸಿ, ಅದನ್ನು ನಕಲು ಮಾಡಿ, ಪ್ರತಿಸಲವೂ ಐದರಲ್ಲಿ ನಾಲ್ಕರಷ್ಟು ಕುಗ್ಗಿಸಿ ಮೇಲೆ ಮೇಲೆ ಇಡುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವ ಹಾದಿ. ಅಗಲಗಳು ೧೦೦, ೮೦, ೬೪, ೫೧.೨ ಆಗುತ್ತವೆ, ಎತ್ತರಗಳು ೪೦, ೩೨, ೨೫.೬ ಎಂದಿಟ್ಟುಕೊಳ್ಳೋಣ. ಒಂದು ಪಕ್ಕದಲ್ಲಿ ಒಳಸರಿಯುವ ಪ್ರಮಾಣವು ಕ್ರಮವಾಗಿ ೧೦, ೮, ೬.೪. ಎತ್ತರಕ್ಕೆ ಹೋಲಿಸಿದರೆ ಪ್ರತಿಯೊಂದು ಕಡೆಯೂ ನಾಲ್ಕಕ್ಕೆ ಒಂದು. ಎಂದರೆ ಹೀಗೆ ಹುಟ್ಟುವ ಶಿಖರದ ಹೊರರೇಖೆ ನೇರವಾದುದೇ ಹೊರತು ಬಾಗಿದುದಲ್ಲ. ಅಗಲವನ್ನೂ ಎತ್ತರವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದಷ್ಟು ಕಾಲವೂ, ಪ್ರಮಾಣವು ಯಾವುದಾದರೂ ಸರಿ, ಫಲವು ಇದೇ. ಇದಕ್ಕೆ ಪ್ರತಿಯಾಗಿ, ಪ್ರತಿಯೊಂದು ತಲವೂ ಒಂದೇ ಅಳತೆಯಷ್ಟು ಒಳಸರಿದು, ಎತ್ತರ ಮಾತ್ರ ೩, ೨, ೧ ಎಂದು ಇಳಿಯುತ್ತ ಹೋದರೆ ಹೊರರೇಖೆಯು ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಾಗುತ್ತದೆ. ಎತ್ತರವು ಮೇಲೇರಿದಂತೆ ಹೆಚ್ಚಿದರೆ ಒಳಕ್ಕೆ ಬಾಗುತ್ತದೆ. ಹೀಗಿರುವಲ್ಲಿ ಶಿಖರದ ಬಾಗು ಎಂಬುದು ಎರಡು ಅಂಕಶ್ರೇಣಿಗಳ ನಡುವಣ ಸಂಬಂಧವೇ ಆಗಿದೆ. ನಕಲು ಮಾಡಿ ಕುಗ್ಗಿಸಿದ ಮಾದರಿಯು ನೇರವಾಗಿ ಬಂದಾಗ, ಅದರ ಮೇಲೆ ಒಂದು ವಕ್ರ ಹೊದಿಕೆಯನ್ನು ಬಿಗಿದು ಸರಿಪಡಿಸಿಕೊಳ್ಳುವುದೇ ಇಂದಿನ ರೂಢಿ. ಇದರಿಂದ ಕಣ್ಣಿಗೆ ತೃಪ್ತಿಯಾಗಬಹುದು. ಆದರೆ ಸ್ಥಪತಿಯು ಏನನ್ನು ನಿರ್ಣಯಿಸಿದನೋ ಅದೇ ಮಾದರಿಯಿಂದ ಅಳಿಸಿಹೋಗುತ್ತದೆ.

ಕೋರವಂಗಲದ ಬೂಚೇಶ್ವರ ದೇವಾಲಯವನ್ನು ಬೂಚಿರಾಜನು ೧೧೭೩ರಲ್ಲಿ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನು. ಮೊಸಳೆಯ ನಾಗೇಶ್ವರ, ಚನ್ನಕೇಶವ ದೇವಾಲಯಗಳು ಸುಮಾರು ೧೨೦೦ರ ಕಾಲದವು. ಪಕ್ಕಪಕ್ಕದಲ್ಲಿ ನಿಂತ ಅವಳಿಗಳು. ಈ ಅವಳಿ ಗುಡಿಗಳು ನಮ್ಮ ವಿಷಯಕ್ಕೆ ಒಳ್ಳೆಯ ಒರೆಗಲ್ಲು. ತಂತ್ರಾಂಶದಲ್ಲಿ ಒಂದನ್ನು ರಚಿಸಿದರೆ ಇನ್ನೊಂದು ಒಂದೇ ಆಜ್ಞೆಯಿಂದ ಸಿದ್ಧವಾಗುತ್ತದೆ. ಶೈವ, ವೈಷ್ಣವ ಮೂರ್ತಿಗಳನ್ನು ಬದಲಿಸಿದರೆ ಸಾಕೆಂಬ ಭಾವನೆ ಹುಟ್ಟುತ್ತದೆ. ಆದರೆ ನಿಜವಾದ ಅವಳಿಯಲ್ಲಿ ಎರಡನೆಯದನ್ನೂ ಮೊದಲಿನಷ್ಟೇ ಶ್ರಮದಿಂದ, ಕಲ್ಲು ಕಲ್ಲಾಗಿ, ಮತ್ತೊಮ್ಮೆ ಕಟ್ಟಲಾಗಿದೆ. ಎರಡು ಶಿಖರಗಳ ವರಸೆಗಳನ್ನು ಬೇರೆ ಬೇರೆಯಾಗಿ ಅಳೆದು ಒಂದರ ಪಕ್ಕದಲ್ಲಿ ಒಂದನ್ನಿಟ್ಟರೆ, ಅವು ಎಲ್ಲಿ ಒಂದಾಗುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಸ್ಥಪತಿಯ ಲೆಕ್ಕವನ್ನೂ ಕಾಲದ ಹಾನಿಯನ್ನೂ ಏಕಕಾಲದಲ್ಲಿ ತಿಳಿಸಬಲ್ಲುದು. ನಕಲು ಮಾಡಿದವನಿಗೆ ಈ ಎರಡು ತಿಳಿವಳಿಕೆಗಳೂ ದೊರೆಯುವುದಿಲ್ಲ.

ಇಷ್ಟು ಹೊರಮೈಯ ಮಾತು. ಒಳಗಿನ ಭುವನೇಶ್ವರಿಗೆ ಬಂದರೆ ತಪ್ಪಿನ ಪರಿಣಾಮವು ಇನ್ನೂ ಗುರುತರವಾದುದು. ನವರಂಗದ ಗುಮ್ಮಟಾಕಾರದ ಚಾವಣಿಯನ್ನು ತಂತ್ರಾಂಶದಲ್ಲಿ ಒಂದು ಕಮಾನುರೇಖೆಯನ್ನು ತಿರುಗಿಸಿ ಕ್ಷಣಮಾತ್ರದಲ್ಲಿ ಪಡೆಯಬಹುದು. ಮೂಲದಲ್ಲಿ ನಡೆದಿರುವುದಾದರೋ ಬೇರೆಯೇ ಕ್ರಿಯೆ. ನಾಲ್ಕು ತೊಲೆಗಳ ಚೌಕದ ಮೂಲೆಗಳಲ್ಲಿ ಓರೆಯಾಗಿ ಕಲ್ಲುಗಳನ್ನಿಟ್ಟು ತೆರಪನ್ನು ಕಿರಿದುಗೊಳಿಸುವುದು ಮೊದಲ ಹೆಜ್ಜೆ. ಬದಿಗಳ ನಡುಬಿಂದುಗಳನ್ನು ಸೇರಿಸುವಂತೆ ಕಲ್ಲಿಟ್ಟರೆ ೩ ಮೀಟರಿನ ಚೌಕವು ೨.೧೨ ಮೀಟರಿನ ತಿರುಗಿದ ಚೌಕವಾಗುತ್ತದೆ. ಇನ್ನೊಂದು ವರಸೆಯಲ್ಲಿ ೧.೫ ಮೀಟರಿಗೆ ಇಳಿಯುತ್ತದೆ. ಎರಡೇ ವರಸೆಗಳಲ್ಲಿ ತೆರಪು ಅರ್ಧವಾಯಿತು. ಮೂಲೆಗಳನ್ನು ಅದಕ್ಕಿಂತ ಕಡಮೆ ಕತ್ತರಿಸಿದರೆ ಅಷ್ಟಕೋನ ದೊರೆಯುತ್ತದೆ. ಅದರ ಮೇಲೆ ಉಂಗುರದಂತಹ ವರಸೆಗಳು ಒಂದಕ್ಕಿಂತ ಒಂದು ಒಳಕ್ಕೆ ಚಾಚುತ್ತ ಹೋಗಿ, ನಡುವಣ ಪದ್ಮದ ಕಲ್ಲಿನಲ್ಲಿ ಮುಕ್ತಾಯವಾಗುತ್ತವೆ.

ಈ ರಚನೆಯಲ್ಲಿ ಕಲ್ಲುಗಳು ಕಮಾನಿನಲ್ಲಿರುವಂತೆ ಕೇಂದ್ರದ ಕಡೆಗೆ ಓರೆಯಾಗಿ ಕೂಡಿಲ್ಲ; ಮಟ್ಟವಾಗಿ ಮಲಗಿವೆ. ಒಂದು ಕಲ್ಲು ಅರ್ಧಕ್ಕಿಂತ ಹೆಚ್ಚು ಒಳಕ್ಕೆ ಚಾಚಿದರೆ ತಾನಾಗಿಯೇ ಮಗುಚಿಬೀಳುತ್ತದೆ. ಅದು ಬೀಳದಿರುವುದಕ್ಕೆ ಕಾರಣ ಅದರ ಹಿಂಭಾಗದ ಮೇಲೆ ಕುಳಿತಿರುವ ಭಾರ, ಮತ್ತು ಪೂರ್ತಿಗೊಂಡ ಉಂಗುರದಲ್ಲಿ ಕಲ್ಲುಗಳು ಅಕ್ಕಪಕ್ಕದಿಂದ ಪರಸ್ಪರ ಒತ್ತಿಕೊಂಡಿರುವುದು. ನುಣುಪಾದ ಗುಮ್ಮಟದ ಮಾದರಿಯನ್ನು ನೋಡಿದ ವಿದ್ಯಾರ್ಥಿಯು ಇದನ್ನು ಕಮಾನಿನ ಗುಮ್ಮಟವೆಂದೇ ತಿಳಿಯುತ್ತಾನೆ. ಮೇಲಿನ ತುಂಬುಗಲ್ಲು ಅನಗತ್ಯವಾದ ಹೊರೆಯೆಂದೂ, ಅದನ್ನು ತೆಗೆದರೆ ಚಾವಣಿಗೆ ಒಳ್ಳೆಯದೆಂದೂ ತೀರ್ಮಾನಿಸಬಹುದು. ಮಳೆನೀರು ಸೋರುವ ಚಾವಣಿಯನ್ನು ದುರಸ್ತಿಮಾಡುವವನು ಈ ತೀರ್ಮಾನದಂತೆ ನಡೆದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ತೆರೆದ ಮಂಟಪದ ಮೇಲಿರುವ ಗುಮ್ಮಟದಂತಹ ಚಾವಣಿಯನ್ನು ಬಲ್ಲವರಿಗೆ, ಹೊರಗಿನಿಂದ ದುಂಡಾಗಿ ಕಾಣುವುದೆಲ್ಲವೂ ಒಳಗೆ ಕಮಾನಾಗಿರಬೇಕಾಗಿಲ್ಲವೆಂಬುದು ಚೆನ್ನಾಗಿ ತಿಳಿದಿರುತ್ತದೆ.

ಲೋವೆಯ ವಿಷಯವೂ ಹೀಗೆಯೇ. ಹನ್ನೆರಡನೆಯ ಶತಮಾನದ ಆದಿಯ ಗುಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಲೋವೆಯಿದ್ದರೆ, ಮುಂದಿನ ಕಾಲದವುಗಳಲ್ಲಿ ಎರಡು ಲೋವೆಗಳನ್ನು ಕಾಣುತ್ತೇವೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದನು. ಅಲ್ಲಿಯ ಶಿಲ್ಪಿಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬವರ ಹೆಸರುಗಳು ಪ್ರಸಿದ್ಧವಾಗಿವೆ. ಇಂತಹ ಗುಡಿಯ ಲೋವೆಯನ್ನು ತಂತ್ರಾಂಶದಲ್ಲಿ ರಚಿಸುವವನು ಒಂದು ಪಾರ್ಶ್ವರೇಖೆಯನ್ನು ಗೋಡೆಯ ಅಂಚಿನುದ್ದಕ್ಕೂ ಸಾಗಿಸುತ್ತಾನೆ. ಗೋಡೆಯು ಹೆಜ್ಜೆಹೆಜ್ಜೆಗೂ ಮುಂಚಾಚಿ ಹಿಂಸರಿಯುವುದರಿಂದ ಪ್ರತಿಯೊಂದು ಮೂಲೆಯಲ್ಲಿಯೂ ತಂತ್ರಾಂಶವು ಕರ್ಣದ ಗೆರೆಯಲ್ಲಿ ಎರಡು ತುಂಡುಗಳನ್ನು ಕೂಡಿಸುತ್ತದೆ. ಕಲ್ಲಿನಲ್ಲಿ ಕೂಡುಗೆರೆಯು ಅಲ್ಲಿಯೇ ಇದೆಯೆಂದು ಹೇಳಲು ಬರುವುದಿಲ್ಲ. ಮೂಲೆಮೂಲೆಗೂ ಹೋಗಿ ನೋಡಬೇಕು. ನೀರು ಒಳಸೇರುವುದು ಕೂಡುಗೆರೆಗಳಿಂದ. ಲೋವೆಯ ಕಲ್ಲು ಜಾರುವುದೂ ಅಲ್ಲಿಂದಲೇ. ಕೂಡುಗೆರೆಯನ್ನು ತಾನೇ ಊಹಿಸಿಕೊಂಡು ಬರೆದ ಮಾದರಿಯು ರಕ್ಷಣೆಯ ಕೆಲಸಕ್ಕೆ ಒದಗುವುದಿಲ್ಲ, ಒದಗುವಂತೆ ಕಾಣುವುದರಿಂದ ಅಪಾಯಕಾರಿಯೂ ಹೌದು.

ಇಷ್ಟನ್ನು ಹೇಳಿ ತಂತ್ರಾಂಶದ ಆಜ್ಞೆಗಳೆಲ್ಲ ನಿರುಪಯುಕ್ತವೆಂದರೆ ಅದು ಅನ್ಯಾಯವಾದೀತು. ಶ್ರವಣಬೆಳಗೊಳದ ಅಕ್ಕನ ಬಸದಿಯು ೧೧೮೧ರದು. ಅದರ ನವರಂಗದ ಹೊಳಪುಳ್ಳ ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದವು. ಇವುಗಳನ್ನು ತಂತ್ರಾಂಶದಲ್ಲಿ ರಿವಾಲ್ವ್ ಆಜ್ಞೆಯಿಂದ ರಚಿಸುವುದು ಸರ್ವಥಾ ಯುಕ್ತ. ಏಕೆಂದರೆ ಶಿಲ್ಪಿಯೂ ಕಲ್ಲನ್ನು ಅಕ್ಷದ ಸುತ್ತ ತಿರುಗಿಸಿಯೇ ಈ ಆಕಾರವನ್ನು ಪಡೆದನು. ಇದೇ ಆಜ್ಞೆಯನ್ನು ಅದೇ ಕಂಬಗಳ ಮೇಲಿನ ಭುವನೇಶ್ವರಿಗೆ ಅನ್ವಯಿಸಿದರೆ ತಪ್ಪು. ಇದರಿಂದ ನಮಗೆ ಒಂದು ಸೂತ್ರವು ದೊರೆಯುತ್ತದೆ: ಗಣಕದಲ್ಲಿ ಕೊಡುವ ಆಜ್ಞೆಯು ಕಟ್ಟಿದವನ ಕೈಯ ಕ್ರಿಯೆಗೆ ಸರಿಹೊಂದಬೇಕು. ಆಕಾರವು ಹೊಂದಿದರೆ ಸಾಲದು.

ಈ ಸೂತ್ರವು ದೇವಾಲಯಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಹೊಳೆನರಸೀಪುರ, ಅರಕಲಗೂಡುಗಳ ಸುತ್ತಿನ ಹಳ್ಳಿಗಳಲ್ಲಿ ಉಳಿದಿರುವ ನಾಡಹೆಂಚಿನ ಮನೆಗಳನ್ನು ತೆಗೆದುಕೊಳ್ಳಿ. ಕುಂಬಾರನು ಚಕ್ರದ ಮೇಲೆ ಕೊಳವೆಯಾಕಾರವನ್ನು ಎತ್ತಿ ಅದನ್ನು ಎರಡಾಗಿ ಸೀಳಿ ಹೆಂಚು ಮಾಡುತ್ತಿದ್ದನು. ಇಲ್ಲಿ ಚಾವಣಿಯ ಇಳಿಜಾರು ನೇರ, ಅದರ ಘಟಕವು ಬಾಗಿದುದು. ಶಿಖರದಲ್ಲಿ ಘಟಕವು ನೇರ, ಒಟ್ಟು ಆಕಾರವು ಬಾಗಿದುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹರಡಿದ ಚಪ್ಪಟೆ ಹೆಂಚು ಇವೆರಡಕ್ಕೂ ಬೇರೆಯಾದುದು. ತಂತ್ರಾಂಶದಲ್ಲಿ ಇವುಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಇಳಿಜಾರಾದ ಒಂದು ಹಲಗೆಯ ಮೇಲೆ ಹೆಂಚಿನ ಚಿತ್ರವನ್ನು ಅಂಟಿಸಲಾಗುತ್ತದೆ. ನಾಡಹೆಂಚು ಒಂದರ ಮೇಲೊಂದು ಎಷ್ಟು ಹೊದ್ದಿರಬೇಕು, ಅದಕ್ಕಾಗಿ ಇಳಿಜಾರು ಎಷ್ಟಿರಬೇಕು, ಗಾಳಿ ಎಲ್ಲಿಂದ ಆಡುತ್ತದೆ ಎಂಬ ಜ್ಞಾನವು ಚಿತ್ರದಲ್ಲಿ ಬರುವುದಿಲ್ಲ. ಅಂತಹ ಮನೆಗಳು ಕಡಮೆಯಾಗುತ್ತಿರುವ ಈ ಕಾಲದಲ್ಲಿ ಮಾದರಿಯೇ ಕೊನೆಯ ದಾಖಲೆಯಾಗಿ ಉಳಿಯಬಹುದೆಂಬುದನ್ನು ಮರೆಯಬಾರದು.

ಇನ್ನು ಇಲ್ಲದ ಚಾವಣಿಗಳ ಪ್ರಶ್ನೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚನ್ನಕೇಶವ ದೇವಾಲಯದ ಶಿಖರವು ಈಗ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಮೇಲೆಯೂ ಶಿಖರಗಳಿಲ್ಲ. ಇವುಗಳನ್ನು ಊಹೆಯಿಂದ ಪೂರ್ಣಗೊಳಿಸುವ ಆಸೆ ಹೊಸದೇನಲ್ಲ. ಜೇಮ್ಸ್ ಫರ್ಗುಸನ್ ತನ್ನ ೧೮೭೬ರ ಗ್ರಂಥದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಜೊತೆಯಲ್ಲಿಟ್ಟು ಹೊಗಳಿದುದಲ್ಲದೆ, ಶಿಖರಗಳನ್ನು ಕಲ್ಪಿಸಿದ ಪೂರ್ಣಚಿತ್ರವೊಂದನ್ನೂ ಕೊಟ್ಟನು. ಆ ಚಿತ್ರವನ್ನು ನೋಡಿದವರಿಗೆ ಅದು ಚಿತ್ರವೆಂದು ತಿಳಿಯುತ್ತಿತ್ತು. ಬೆಳಕು ನೆರಳುಗಳ ಸಹಿತ ತಿರುಗಿಸಿ ನೋಡಬಹುದಾದ ಇಂದಿನ ಮಾದರಿಯಲ್ಲಿ ಊಹೆಯಾವುದು, ಅಳತೆಯಾವುದು ಎಂಬ ಭೇದವೇ ಕಾಣುವುದಿಲ್ಲ. ಊಹೆಯು ಎಲ್ಲಿ ಆರಂಭವಾಗುವುದೋ ಅಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂದು ೧೯೬೪ರ ವೆನಿಸ್ ಸನ್ನದು ವಿಧಿಸಿತು. ಗಣಕದ ಪುನಾರಚನೆಗಳಲ್ಲಿ ಊಹೆಯ ಆಧಾರಗಳನ್ನು ಬಹಿರಂಗವಾಗಿ ತಿಳಿಸಬೇಕೆಂದು ೨೦೦೬ರಲ್ಲಿ ಮೊದಲು ಸಿದ್ಧವಾದ ಲಂಡನ್ ಸನ್ನದು ಹೇಳುತ್ತದೆ. ನಮ್ಮ ಮಾದರಿಗಳಲ್ಲಿ ಈ ನಿಯಮಗಳ ಪಾಲನೆ ವಿರಳವೆಂದೇ ಹೇಳಬೇಕಾಗಿದೆ.

ನಮ್ಮ ವಾದಕ್ಕೆ ಎರಡು ಪ್ರತಿವಾದಗಳು ಬರಬಹುದು. ಪ್ರದರ್ಶನಕ್ಕಾಗಿ ಮಾಡಿದ ಮಾದರಿಗೆ ಇಷ್ಟು ಸೂಕ್ಷ್ಮ ಬೇಕೆ ಎಂಬುದು ಒಂದು. ಬೇಡವೆಂದು ಒಪ್ಪಿಕೊಳ್ಳೋಣ, ಆದರೆ ಅದನ್ನು ದಾಖಲೆಯೆಂದು ಕರೆಯದಿದ್ದರಾಯಿತು. ಶಿಖರದ ಒಳಗಿನ ಕಲ್ಲುಗಳು ಹೊರಗೆ ಕಾಣದಿರುವಾಗ ವರಸೆ ವರಸೆಯಾಗಿ ರಚಿಸುವುದೂ ಊಹೆಯೇ ಅಲ್ಲವೆ ಎಂಬುದು ಇನ್ನೊಂದು. ಈ ಮಾತಿನಲ್ಲಿ ಹುರುಳಿದೆ. ಆದಕಾರಣ ಹೊರಗೆ ಕಾಣುವ ವರಸೆಗಳ ಮುಖಗಳನ್ನೂ ಕೂಡುಗೆರೆಗಳನ್ನೂ ಮಾತ್ರ ಬರೆದು, ಒಳಭಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ ಬಿಡುವುದು ಯುಕ್ತ. ಅರಿಯದ ಭಾಗವನ್ನು ಅರಿಯದುದೆಂದು ತೋರಿಸಲು ನುಣುಪು ಮೇಲ್ಮೈಯ ಮಾದರಿಗೆ ದಾರಿಯಿಲ್ಲ. ವರಸೆಯ ಮಾದರಿಗೆ ಇದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳಿಗೆ ಅಳತೆಗಾರರ ಕೊರತೆಯಾಗಲಾರದು. ಕೋರವಂಗಲ, ಮೊಸಳೆ, ನುಗ್ಗೇಹಳ್ಳಿಗಳಂತಹ ಊರುಗಳ ಗುಡಿಗಳನ್ನು ಅಳೆಯುವ ಹೊಣೆ ಬಹುಮಟ್ಟಿಗೆ ನಮ್ಮ ಕಾಲೇಜುಗಳ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಪಾಲಿನದು. ಅಂತಹ ಅಧ್ಯಯನಕ್ಕೆ ಹೊರಟವರು ತಂತ್ರಾಂಶವನ್ನು ತೆರೆಯುವ ಮೊದಲು ಒಂದು ಕೋಷ್ಟಕವನ್ನು ಸಿದ್ಧಪಡಿಸಿಕೊಳ್ಳಲಿ: ಕೆಳಗಿನಿಂದ ಮೇಲಕ್ಕೆ ಪ್ರತಿಯೊಂದು ವರಸೆಯ ಎತ್ತರವೆಷ್ಟು, ಒಳಸರಿತವೆಷ್ಟು, ಕೂಡುಗೆರೆ ಎಲ್ಲಿದೆ. ಈ ಮೂರು ಅಂಕಣಗಳನ್ನು ತುಂಬಿದ ಮೇಲೆ ಶಿಖರದ ಬಾಗನ್ನು ಬರೆಯಬೇಕಾದುದೇ ಇಲ್ಲ. ಕೋಷ್ಟಕದಂತೆ ಕಲ್ಲುಗಳನ್ನು ಇಡುತ್ತ ಹೋದರೆ ಅದು ತಾನಾಗಿ ಮೂಡುತ್ತದೆ. ಎಂಟುನೂರು ವರ್ಷಗಳ ಹಿಂದೆ ಮೊಸಳೆಯಲ್ಲಿ ಅದು ಮೂಡಿದುದೂ ಹೀಗೆಯೇ. ಮುಂದೆ ಒಂದು ದಿನ ಒಂದು ವರಸೆಯು ಸ್ಥಾನದಿಂದ ಜಾರಿದರೆ ಎಷ್ಟು ಜಾರಿತೆಂದು ಹೇಳಬಲ್ಲುದು ಆ ಕೋಷ್ಟಕವೇ.